ನೋವು ಮತ್ತು ಅರ್ಥ: ವಿಕ್ಟರ್ ಫ್ರಾಂಕಲ್‌ನ ಮನೋಚಿಕಿತ್ಸೆ

ಕನ್ನಡದಲ್ಲಿ ‘ಅರ್ಥ’ ಎಂಬ ಪದ ಒಂದೇ ಹೊರೆಯನ್ನು ಹೊತ್ತಿಲ್ಲ. ಶಬ್ದದ ಅರ್ಥ ಒಂದು ಬಗೆ. ಪುರುಷಾರ್ಥಗಳಲ್ಲಿ ಎರಡನೆಯದಾದ ಸಂಪತ್ತು ಇನ್ನೊಂದು ಬಗೆ. ಸ್ವಾರ್ಥ, ಪರಾರ್ಥ ಎನ್ನುವಾಗ ಹೊಮ್ಮುವ ಪ್ರಯೋಜನ ಮತ್ತೊಂದು. ವಿಯೆನ್ನಾದ ಮನೋವೈದ್ಯ ವಿಕ್ಟರ್ ಫ್ರಾಂಕಲ್ (1905–1997) ತನ್ನ ಚಿಕಿತ್ಸಾಕ್ರಮಕ್ಕೆ ‘ಲೋಗೋಥೆರಪಿ’ ಎಂದು ಹೆಸರಿಟ್ಟಾಗ ‘ಲೋಗೋಸ್’ ಎಂಬ ಗ್ರೀಕ್ ಪದದಿಂದ ಆತನು ಬಯಸಿದ್ದು ಈ ಕೊನೆಯ ಬಗೆಗೆ ಹತ್ತಿರವಾದುದು: ಯಾವುದಕ್ಕಾಗಿ ಅಥವಾ ಯಾರಿಗಾಗಿ ಬದುಕಬೇಕು ಎಂಬುದು. ಈ ದೃಷ್ಟಿಯಿಂದ ‘ಅರ್ಥಚಿಕಿತ್ಸೆ’ ಎಂಬ ಅನುವಾದ ಸಲ್ಲುತ್ತದೆ.

ಮನುಷ್ಯನನ್ನು ನಡೆಸುವುದು ಸುಖದ ಬಯಕೆ ಎಂದು ಫ್ರಾಯ್ಡ್ ಬಗೆದಿದ್ದನು. ಅಡ್ಲರ್ ಕೀಳರಿಮೆಯನ್ನು ಗೆದ್ದು ಮೇಲೇರುವ ಹಂಬಲಕ್ಕೆ ಒತ್ತು ಕೊಟ್ಟನು. ಅಡ್ಲರನ ಬಳಗದಲ್ಲಿದ್ದು 1927ರಲ್ಲಿ ಅಲ್ಲಿಂದ ಹೊರಹಾಕಲ್ಪಟ್ಟ ಫ್ರಾಂಕಲ್, ಅರ್ಥದ ಹುಡುಕಾಟವೇ ಮೂಲಪ್ರೇರಣೆಯೆಂದನು. ಈ ವಿಚಾರ ಸೆರೆಶಿಬಿರದಲ್ಲಿ ಹುಟ್ಟಿತೆಂಬ ಮಾತು ಪ್ರಚಲಿತವಾಗಿದೆ, ಅದು ಸರಿಯಲ್ಲ. ಶಿಬಿರಕ್ಕೆ ಹೋಗುವ ಮೊದಲೇ ಗ್ರಂಥದ ಹಸ್ತಪ್ರತಿ ಸಿದ್ಧವಾಗಿತ್ತು. ಶಿಬಿರದಲ್ಲಿ ನಡೆದುದು ಅದರ ಪರೀಕ್ಷೆ.

1941ರಲ್ಲಿ ಫ್ರಾಂಕಲ್‌ಗೆ ಅಮೆರಿಕದ ವೀಸಾ ಒದಗಿಬಂದಿತು. ಯೆಹೂದ್ಯನಾದ ಆತನು ಪಾರಾಗಬಹುದಿತ್ತು. ಆದರೆ ವೃದ್ಧ ತಾಯಿತಂದೆಯರನ್ನು ನಾಜಿಗಳ ಕೈಗೆ ಬಿಟ್ಟು ಹೋಗಬೇಕಾಗಿತ್ತು. ಅದೇ ದಿನಗಳಲ್ಲಿ, ನಾಜಿಗಳು ಕೆಡವಿದ ಯೆಹೂದ್ಯ ಪ್ರಾರ್ಥನಾಮಂದಿರದ ಅಮೃತಶಿಲೆಯ ಚೂರೊಂದನ್ನು ತಂದೆ ಮನೆಗೆ ತಂದಿದ್ದನು. ಅದರ ಮೇಲೆ ಉಳಿದಿದ್ದ ಒಂದೇ ಒಂದು ಹೀಬ್ರೂ ಅಕ್ಷರ ತಾಯಿತಂದೆಯರನ್ನು ಗೌರವಿಸಬೇಕೆಂಬ ಕಟ್ಟಳೆಗೆ ಸೇರಿದುದಾಗಿತ್ತು. ಫ್ರಾಂಕಲ್ ಉಳಿದನು. 1942ರ ಸೆಪ್ಟೆಂಬರಿನಲ್ಲಿ ತಾಯಿತಂದೆಯರು ಮತ್ತು ಪತ್ನಿ ಟಿಲ್ಲಿಯೊಡನೆ ತೆರೇಜಿನ್‌ಸ್ಟಾಟ್ ಶಿಬಿರಕ್ಕೆ ಸಾಗಿಸಲ್ಪಟ್ಟನು. ತಂದೆ ಅಲ್ಲಿಯೇ ತೀರಿಕೊಂಡನು. 1944ರ ಅಕ್ಟೋಬರಿನಲ್ಲಿ ಆಶ್ವಿಟ್ಜ್‌ಗೆ ತಲುಪಿದಾಗ ಕೋಟಿನೊಳಗೆ ಅಡಗಿಸಿದ್ದ ಹಸ್ತಪ್ರತಿಯೂ ಹೋಯಿತು. ಮುಂದೆ ಬವೇರಿಯಾದ ಶಿಬಿರದಲ್ಲಿ ಟೈಫಸ್ ಜ್ವರ ಹಿಡಿದಾಗ, ಎಚ್ಚರ ತಪ್ಪದಿರಲೆಂದು ಆತನು ರಾತ್ರಿಯೆಲ್ಲ ಕಾಗದದ ಚೂರುಗಳ ಮೇಲೆ ಅದೇ ಗ್ರಂಥದ ಟಿಪ್ಪಣಿಗಳನ್ನು ಮತ್ತೆ ಬರೆದುಕೊಂಡನು. 1945ರ ಏಪ್ರಿಲಿನಲ್ಲಿ ಬಿಡುಗಡೆಯಾಯಿತು. ಅಷ್ಟರಲ್ಲಿ ತಾಯಿ ಆಶ್ವಿಟ್ಜ್‌ನಲ್ಲಿ ಕೊಲ್ಲಲ್ಪಟ್ಟಿದ್ದಳು. ಟಿಲ್ಲಿ ಬೆರ್ಗೆನ್-ಬೆಲ್ಸೆನ್ ಶಿಬಿರದಲ್ಲಿ ಸತ್ತಿದ್ದಳು.

1946ರಲ್ಲಿ ಪ್ರಕಟವಾದ, ಒಂಬತ್ತು ದಿನಗಳಲ್ಲಿ ಹೇಳಿ ಬರೆಸಿದ ಶಿಬಿರದ ನೆನಪುಗಳ ಪುಸ್ತಕದಲ್ಲಿ ಇಬ್ಬರು ಸೆರೆಯಾಳುಗಳ ಪ್ರಸಂಗ ಬರುತ್ತದೆ. ಬದುಕಿನಿಂದ ಇನ್ನು ನಿರೀಕ್ಷಿಸುವುದೇನೂ ಇಲ್ಲವೆಂದು ಇಬ್ಬರೂ ಸಾಯಲು ನಿಶ್ಚಯಿಸಿದ್ದರು. ಫ್ರಾಂಕಲ್ ಅವರಿಗೆ ಸಮಾಧಾನ ಹೇಳಲಿಲ್ಲ, ಪ್ರಶ್ನೆಯನ್ನೇ ತಿರುಗಿಸಿದನು. ಬದುಕು ನಿಮ್ಮಿಂದ ಏನನ್ನು ನಿರೀಕ್ಷಿಸುತ್ತಿದೆ? ಒಬ್ಬನಿಗೆ ಪರದೇಶದಲ್ಲಿ ಕಾಯುತ್ತಿದ್ದ ಮಗುವಿತ್ತು. ಇನ್ನೊಬ್ಬನು ವಿಜ್ಞಾನಿ, ಅವನ ಗ್ರಂಥಮಾಲೆ ಅರ್ಧಕ್ಕೆ ನಿಂತಿತ್ತು, ಅದನ್ನು ಬೇರೊಬ್ಬರು ಮುಗಿಸುವಂತಿರಲಿಲ್ಲ. ಉತ್ತರಗಳು ಬೇರೆಬೇರೆ, ಅವು ವೈದ್ಯನವೂ ಅಲ್ಲ. ಅರ್ಥವನ್ನು ಔಷಧಿಯ ಚೀಟಿಯಂತೆ ಬರೆದುಕೊಡಲಾಗದು ಎಂಬುದು ಈ ಚಿಕಿತ್ಸೆಯ ಮೊದಲ ನಿಯಮ.

ಮಾಡುವ ಕೆಲಸದಲ್ಲಿ ಅರ್ಥ ದೊರೆಯಬಹುದು, ಪ್ರೀತಿಯಲ್ಲಿಯೂ ಸೌಂದರ್ಯದ ಅನುಭವದಲ್ಲಿಯೂ ದೊರೆಯಬಹುದು. ಇವೆರಡೂ ಮುಚ್ಚಿಹೋದಾಗ ಉಳಿಯುವ ಮೂರನೆಯ ದಾರಿ, ತಪ್ಪಿಸಲಾಗದ ನೋವಿನ ಎದುರು ಮನುಷ್ಯನು ತಾಳುವ ನಿಲುವು. ಪತ್ನಿಯನ್ನು ಕಳೆದುಕೊಂಡು ಎರಡು ವರ್ಷವಾದರೂ ಚೇತರಿಸಿಕೊಳ್ಳದ ವೃದ್ಧ ವೈದ್ಯನೊಬ್ಬನು ಫ್ರಾಂಕಲ್‌ನ ಬಳಿಗೆ ಬಂದನು. ನೀವು ಮೊದಲು ಸತ್ತಿದ್ದರೆ ಆಕೆಯ ಗತಿ ಏನಾಗುತ್ತಿತ್ತು ಎಂದು ಫ್ರಾಂಕಲ್ ಕೇಳಿದನು. ಆಕೆ ಬಹಳ ನೊಂದುಕೊಳ್ಳುತ್ತಿದ್ದಳು ಎಂದನು ವೃದ್ಧ. ಹಾಗಾದರೆ ಆ ನೋವನ್ನು ಆಕೆಗೆ ತಪ್ಪಿಸಿದವರು ನೀವು; ಅದರ ಬೆಲೆಯನ್ನು ಈಗ ತೆರುತ್ತಿದ್ದೀರಿ. ವೃದ್ಧನು ಮರುಮಾತಾಡದೆ ಕೈಕುಲುಕಿ ಹೊರಟನು. ಪತ್ನಿ ಮರಳಲಿಲ್ಲ, ದುಃಖವೂ ಹೋಗಲಿಲ್ಲ. ಆ ದುಃಖ ಈಗ ಆಕೆಗಾಗಿ ಪಟ್ಟದ್ದಾಯಿತು.

ಇಲ್ಲಿಯೇ ತಪ್ಪು ತಿಳಿವಳಿಕೆಗೂ ಎಡೆಯಿದೆ. ಪ್ರಾರಬ್ಧ, ಹಣೆಬರಹ ಎಂಬ ಮಾತುಗಳಿಗೆ ಒಗ್ಗಿದ ಕಿವಿಗೆ, ನೋವಿಗೆ ಅರ್ಥವಿದೆ ಎಂದೊಡನೆ ನೋವಿಗೆ ಕಾರಣವಿದೆ ಎಂದು ಕೇಳಿಸುವುದುಂಟು. ಪ್ರಾರಬ್ಧ ಹಿಂದಕ್ಕೆ ನೋಡುತ್ತದೆ, ಫ್ರಾಂಕಲ್‌ನ ಪ್ರಶ್ನೆ ಮುಂದಕ್ಕೆ. ನೋವು ಒಳ್ಳೆಯದೆಂದಾಗಲಿ ಅರ್ಥಕ್ಕೆ ನೋವು ಬೇಕೇಬೇಕೆಂದಾಗಲಿ ಆತನು ಹೇಳಲಿಲ್ಲ. ತಪ್ಪಿಸಬಹುದಾದ ನೋವಾದರೆ ಅದರ ಕಾರಣವನ್ನು ನೀಗುವುದೇ ಅರ್ಥಪೂರ್ಣ. ಅದನ್ನು ಸುಮ್ಮನೆ ಸಹಿಸುವುದು ಆತನ ದೃಷ್ಟಿಯಲ್ಲಿ ವೀರತ್ವವಲ್ಲ, ಆತ್ಮಪೀಡನೆ. ಶಸ್ತ್ರಚಿಕಿತ್ಸೆಯಿಂದ ವಾಸಿಯಾಗುವ ರೋಗಕ್ಕೆ ನಿಲುವಿನ ಮಾತು ಬೇಕಿಲ್ಲ. ನೊಂದವರಿಗೆ ಎಲ್ಲಕ್ಕೂ ಒಂದು ಅರ್ಥವಿರುತ್ತದೆ ಎಂದು ಹೊರಗಿನವರು ಉಪದೇಶಿಸುವುದಂತೂ ಅರ್ಥಚಿಕಿತ್ಸೆಯೇ ಅಲ್ಲ.

ಈ ವಿಚಾರಕ್ಕೆ ಬಂದ ಆಕ್ಷೇಪಗಳೂ ಹಗುರವಲ್ಲ. ಸಾಮೂಹಿಕ ಕೊಲೆಯ ಎದುರು ಅರ್ಥದ ಮಾತಾಡುವುದು ಆ ಘೋರವನ್ನು ಮೃದುಗೊಳಿಸಿದಂತೆ ಎಂದು ಲಾರೆನ್ಸ್ ಲ್ಯಾಂಗರ್ ವಾದಿಸಿದನು. ಅರ್ಥ ಕಂಡವರು ಬದುಕಿದರು, ಕಾಣದವರು ಅಳಿದರು ಎಂಬ ಲೆಕ್ಕವನ್ನು ಫ್ರಾಂಕಲ್‌ನ ಪುಸ್ತಕದಿಂದ ತೆಗೆಯುವವರಿಗೆ ಆ ಆಕ್ಷೇಪ ಪೂರ್ತಿಯಾಗಿ ಸಲ್ಲುತ್ತದೆ. ಆದರೆ ಉಳಿದು ಬಂದದ್ದಕ್ಕೆ ಆತನು ಮೊದಲು ಹೆಸರಿಸುವುದು ಆಕಸ್ಮಿಕಗಳನ್ನು; ತಮ್ಮಲ್ಲಿ ಅತ್ಯುತ್ತಮರಾಗಿದ್ದವರು ಮರಳಿ ಬರಲಿಲ್ಲವೆಂದು ಆತನೇ ಪುಸ್ತಕದ ಆರಂಭದಲ್ಲಿ ಬರೆದಿದ್ದಾನೆ.