ವಸ್ತಿ ಇಲ್ಲದ ಹಾರಾಟ

ಕರೆಂಟು ಹೋದ ರಾತ್ರಿ ನಮ್ಮೂರು ಅಬಲೂರಿನಲ್ಲಿ ಆಕಾಶ ತುಸು ಕೆಳಗಿಳಿದಂತೆ ಕಾಣುತ್ತದೆ. ಅಂಥದೊಂದು ರಾತ್ರಿ ಕಟ್ಟೆಯ ಮೇಲೆ ಕೂತಿದ್ದೆವು. ತೀರಾ ಎತ್ತರದಲ್ಲಿ ಒಂದು ದೀಪ ಮಿಣುಕುತ್ತ ಪಡುವಣಕ್ಕೆ ಹೋಗುತ್ತಿತ್ತು. ನಮ್ಮ ಓಣಿಯ ಅಜ್ಜ ಅದನ್ನೇ ದಿಟ್ಟಿಸಿ ಕೇಳಿದರು: “ಇಷ್ಟ ಹೊತ್ತಿನ್ಯಾಗ ಅದರ ಡ್ರೈವರಗ ನಿದ್ದಿ ಬರಂಗಿಲ್ಲೇನೋ ತಮ್ಮಾ?”

ಅಜ್ಜ ವಯಸ್ಸಿನಲ್ಲಿದ್ದಾಗ ಗೋವಾ, ಮಂಗಳೂರು ಕಡೆ ಗೌಂಡಿ ಕೆಲಸಕ್ಕೆ ಹೋಗಿ ಬಂದವರು. ರಾತ್ರಿ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಡ್ರೈವರನಿಗೆ ಎಲೆ ಅಡಿಕೆ ಕೊಟ್ಟು, ಮಾತಾಡಿಸುತ್ತ, ಘಾಟಿ ಇಳಿಸಿದ ಅನುಭವಸ್ಥರು. ಹಾಗಾಗಿ ಆ ಪ್ರಶ್ನೆ ಅಮಾಯಕನದಲ್ಲ. ಅದಕ್ಕೆ ಉತ್ತರ ಹುಡುಕಲು ದೂರ ಹೋಗುವುದೂ ಬೇಕಿಲ್ಲ. ಅಜ್ಜ ಇಟ್ಟಿಗೆ ಹೊತ್ತ ಊರಿನಲ್ಲೇ ಅದು ಇದೆ.

2010ರ ಮೇ 22, ಬೆಳಗಿನ 6 ಗಂಟೆ ದಾಟಿ ಐದಾರು ನಿಮಿಷ. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737 ವಿಮಾನ ಮಂಗಳೂರಿನ ಬಜ್ಪೆಯ ರನ್‌ವೇಯಲ್ಲಿ ನಿಲ್ಲದೆ, ಗುಡ್ಡದ ಅಂಚು ದಾಟಿ ಕಣಿವೆಗೆ ಬಿದ್ದು ಹೊತ್ತಿ ಉರಿಯಿತು. ಒಳಗಿದ್ದ 166 ಜನರಲ್ಲಿ ಬದುಕಿದ್ದು 8 ಮಂದಿ. ವಿಮಾನ ಓಡಿಸುತ್ತಿದ್ದ ಕ್ಯಾಪ್ಟನ್ ಜ್ಲಾಟ್ಕೊ ಗ್ಲುಸಿಕಾ ಸರ್ಬಿಯಾ ಮೂಲದವರು, ವಯಸ್ಸು 55, ಹತ್ತು ಸಾವಿರ ಗಂಟೆಗೂ ಹೆಚ್ಚು ಹಾರಿದವರು. ರಜೆ ಮುಗಿಸಿ ಕೆಲವೇ ದಿನಗಳ ಹಿಂದೆ ಕೆಲಸಕ್ಕೆ ಮರಳಿದ್ದರು. ಪಕ್ಕದ ಸೀಟಿನಲ್ಲಿ ಸಹಪೈಲಟ್ ಎಚ್.ಎಸ್. ಅಹ್ಲುವಾಲಿಯಾ.

ಆ ಇಬ್ಬರ ರಾತ್ರಿ ಹೇಗಿತ್ತು ನೋಡಿ. ಹಿಂದಿನ ರಾತ್ರಿ ಒಂಬತ್ತೂವರೆ ಹೊತ್ತಿಗೆ ಮಂಗಳೂರಿನಿಂದಲೇ ಹೊರಟು, ಅಲ್ಲಿನ ನಡುರಾತ್ರಿಗೆ ದುಬೈ ಮುಟ್ಟಿದ್ದರು. ಅಲ್ಲಿ ನಿಂತದ್ದು ಸುಮಾರು 80 ನಿಮಿಷ. ಜನ ಇಳಿದು, ಜನ ಹತ್ತಿ, ಎಣ್ಣೆ ತುಂಬಿ, ಅದೇ ವಿಮಾನ ಅದೇ ಸಿಬ್ಬಂದಿಯೊಂದಿಗೆ ವಾಪಸು. ನಮ್ಮ ಕಡೆ ರಾತ್ರಿ ಹಳ್ಳಿಗೆ ಬಂದು ಅಲ್ಲೇ ತಂಗಿ, ನಸುಕಿನಲ್ಲಿ ಹೊರಡುವ ಬಸ್ಸಿಗೆ ವಸ್ತಿ ಬಸ್ಸು ಎನ್ನುತ್ತೇವೆ. ಡ್ರೈವರು, ಕಂಡಕ್ಟರು ಇಬ್ಬರೂ ನಾಲ್ಕು ತಾಸಾದರೂ ಕಣ್ಣು ಮುಚ್ಚುತ್ತಾರೆ. ಗಲ್ಫಿನ ಈ ಟ್ರಿಪ್ಪಿಗೆ ವಸ್ತಿಯೇ ಇರಲಿಲ್ಲ.

ಆದ್ದರಿಂದ ಕ್ಯಾಪ್ಟನ್ ವಿಮಾನದಲ್ಲೇ ಮಲಗಿದರು. ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ತನಿಖೆಗೆ ಸಿಕ್ಕ ಧ್ವನಿಮುದ್ರಣ ಎರಡು ತಾಸಿನದು. ಅದರ ಮೊದಲ ಒಂದು ಗಂಟೆ 40 ನಿಮಿಷ ಕ್ಯಾಪ್ಟನ್ ಮಾತೇ ಇಲ್ಲ, ನಡುನಡುವೆ ಗೊರಕೆ ಸದ್ದು. ಇಳಿಯುವ ಹೊತ್ತಿಗೆ ವಿಮಾನ ಇರಬೇಕಾದ್ದಕ್ಕಿಂತ ಬಹಳ ಎತ್ತರದಲ್ಲಿತ್ತು. ಮಂಗಳೂರಿನ ರೇಡಾರ್ ಎರಡು ದಿನದಿಂದ ಕೆಟ್ಟಿದ್ದರಿಂದ ಇಳಿಯಲು ಅನುಮತಿ ಸಿಕ್ಕಿದ್ದೂ ತಡವಾಗಿ. ಗಾಢ ನಿದ್ರೆಯಿಂದ ಎದ್ದವನಿಗೆ ಮೈ ಎಚ್ಚರವಾದರೂ ಬುದ್ಧಿ ಎಚ್ಚರವಾಗಲು ಸ್ವಲ್ಪ ಹೊತ್ತು ಬೇಕು. ಹೊಲಕ್ಕೆ ರಾತ್ರಿ ನೀರು ಬಿಡಲು ಎದ್ದು ಹೋದವರಿಗೆಲ್ಲ ಗೊತ್ತಿರುವ ಸಂಗತಿ. ತನಿಖಾ ವರದಿ ಇದನ್ನು ‘ನಿದ್ರಾಜಡತ್ವ’ ಎಂಬರ್ಥದ ಪದದಿಂದ ಗುರುತಿಸಿತು. ಸಹಪೈಲಟ್ ಮೂರು ಸಲ ‘ಗೋ ಅರೌಂಡ್’ ಎಂದರು. ಅಂದರೆ ಇಳಿಸಬೇಡಿ, ಮತ್ತೆ ಮೇಲೇರಿ ಇನ್ನೊಂದು ಸುತ್ತು ಬನ್ನಿ ಎಂದು. ಯಂತ್ರವೂ ಕೂಗಿ ಎಚ್ಚರಿಸಿತು. ಕ್ಯಾಪ್ಟನ್ ಇಳಿಸಿಯೇಬಿಟ್ಟರು. 8,000 ಅಡಿ ರನ್‌ವೇಯಲ್ಲಿ ಚಕ್ರ ನೆಲ ಕಂಡದ್ದು 5,200 ಅಡಿ ಕಳೆದ ಮೇಲೆ.

ಆಗ ಕರಾವಳಿಯಿಂದ ನಮ್ಮ ಹಾವೇರಿ ಸೀಮೆಯವರೆಗೂ ಕೇಳಿದ ಮಾತು ಒಂದೇ: ‘ಪರದೇಶದ ಪೈಲಟ್ಟು.’ ಬೈಯಲು ಅನುಕೂಲವಾದ ಮಾತು ಅದು. ಆದರೆ ವಿಮಾನದ ಹಿಂಭಾಗದಲ್ಲಿ ಕೂತಿದ್ದವರಲ್ಲಿ ಹೆಚ್ಚಿನವರು ದುಬೈಯಲ್ಲಿ ದುಡಿಯುತ್ತಿದ್ದ, ರಜೆಗೆಂದು ಮನೆಗೆ ಬರುತ್ತಿದ್ದ ದಕ್ಷಿಣ ಕನ್ನಡ, ಕಾಸರಗೋಡಿನ ಜನ. ಮುಂಭಾಗದಲ್ಲಿ ಕೂತಿದ್ದ ಕ್ಯಾಪ್ಟನ್ ಸರ್ಬಿಯಾದಿಂದ ಮಂಗಳೂರಿಗೆ ದುಡಿಯಲು ಬಂದವರು. ಸಂಬಳದ ಅಂತರ ಆಕಾಶ ಭೂಮಿಯಷ್ಟಿರಬಹುದು. ಆದರೂ ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇಬ್ಬರೂ ಗುಳೆ ಹೋದವರೇ.

ಹೊರಗಿನವರು ಅಬಲೂರಿಗೇನೂ ಹೊಸಬರಲ್ಲ. ಸೋಮೇಶ್ವರ ಗುಡಿಯ ಶಾಸನದಲ್ಲಿ ಬರುವ ಶಿವಭಕ್ತ ಏಕಾಂತದ ರಾಮಯ್ಯ ಆಳಂದದವನು, ಪುಲಿಗೆರೆಯಿಂದ ಇಲ್ಲಿಗೆ ಬಂದವನು. ಸರ್ವಜ್ಞನದು ಉಲ್ಟಾ ದಾರಿ. ಇಲ್ಲೇ ಹುಟ್ಟಿದನೆಂದು ನಾವು ಹೇಳುತ್ತೇವೆ (ಮಾಸೂರಿನವರ ಮಾತು ಬೇರೆ, ಇರಲಿ), ಬಾಳೆಲ್ಲ ಊರೂರು ತಿರುಗಿದ.

ಸರ್ಬಿಯಾದ ಪೈಲಟ್ ಇಲ್ಲಿಗೇಕೆ ಬರಬೇಕಾಯಿತು? ಅದರ ಒಂದು ಎಳೆ ನಮ್ಮ ಹುಬ್ಬಳ್ಳಿಯಲ್ಲೇ ಇದೆ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್ ಶುರುಮಾಡಿ, ಮೊದಲ ವಿಮಾನವನ್ನು ಹುಬ್ಬಳ್ಳಿ–ಬೆಂಗಳೂರು ನಡುವೆ ಹಾರಿಸಿದರು. (ಅವರು ಸೇನೆಯ ಕ್ಯಾಪ್ಟನ್, ವಿಮಾನದವರಲ್ಲ. ಈ ಗೊಂದಲ ಇವತ್ತಿಗೂ ಹಲವರಿಗಿದೆ.) ಆಮೇಲೆ ಅಗ್ಗದ ಟಿಕೆಟ್ಟಿನ ಕಂಪನಿಗಳು ಒಂದರ ಹಿಂದೊಂದು ಬಂದವು. 2005ರಲ್ಲಿ ಬೆಂಗಳೂರಿನದೇ ಕಿಂಗ್‌ಫಿಶರ್ ಹಾರಿತು. ವಿಮಾನ ಸಾಲಕ್ಕೆ ಸಿಗುತ್ತದೆ, ಕ್ಯಾಪ್ಟನ್ ಸಿಗುವುದಿಲ್ಲ. ಜಕ್ಕೂರಿನ ಸರ್ಕಾರಿ ವೈಮಾನಿಕ ಶಾಲೆಯಂಥಲ್ಲಿ 200 ಗಂಟೆ ಹಾರಿದರೆ ವಾಣಿಜ್ಯ ಲೈಸೆನ್ಸ್ ಬರುತ್ತದೆ ನಿಜ. ಆದರೆ ಕ್ಯಾಪ್ಟನ್ ಆಗಿ ಎಡಗಡೆಯ ಸೀಟಿನಲ್ಲಿ ಕೂರಲು ಬೇಕಾದ ದೊಡ್ಡ ಲೈಸೆನ್ಸಿಗೆ 1,500 ಗಂಟೆ ಬೇಕು, ಅದರಾಚೆ ವರ್ಷಗಳ ಪಳಗುವಿಕೆ ಬೇಕು. ಆ ಕೊರತೆ ತುಂಬಲು ಪೂರ್ವ ಯುರೋಪು ಮೊದಲಾದ ಕಡೆಯಿಂದ ಪೈಲಟ್‌ಗಳು ಬಂದರು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಅವರಿಗೆ ತಾತ್ಕಾಲಿಕ ಅನುಮತಿ ಕೊಟ್ಟಿತು. ‘ಇನ್ನು ಸಾಕು’ ಎಂದು ಗಡುವು ಹಾಕುವುದು, ಮತ್ತೆ ಮುಂದೂಡುವುದು ವರ್ಷಗಟ್ಟಲೆ ನಡೆಯಿತು.

ಗುಳೆಯ ದಾರಿ ಒಂದೇ ದಿಕ್ಕಿನದಲ್ಲ. 2012ರ ಅಕ್ಟೋಬರಿನಲ್ಲಿ ಕಿಂಗ್‌ಫಿಶರ್ ಲೈಸೆನ್ಸ್ ಅಮಾನತಾಯಿತು, ತಿಂಗಳುಗಟ್ಟಲೆ ಸಂಬಳ ಕಾಣದ ಪೈಲಟ್‌ಗಳಲ್ಲಿ ಹಲವರು ಗಲ್ಫಿನ ವಿಮಾನ ಹತ್ತಿದರು, ಈ ಸಲ ಕೆಲಸ ಹುಡುಕಿಕೊಂಡು. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ನಿಂತಾಗ ಮತ್ತೊಂದು ತಂಡ. ಹೋಗುವವರ ಸಾಲು ಎಷ್ಟಿತ್ತೆಂದರೆ ಅದಕ್ಕೂ ಮೊದಲೇ, 2017ರಲ್ಲಿ ಸರ್ಕಾರ ಕ್ಯಾಪ್ಟನ್‌ಗಳ ನೋಟಿಸ್ ಅವಧಿಯನ್ನೇ ಒಂದು ವರ್ಷಕ್ಕೆ ಏರಿಸಿತು. ಒಂದು ವರ್ಷ ಮೊದಲೇ ಹೇಳಿ ಬಿಡಬೇಕಾದ ನೌಕರಿ! ಮುಂಗಡ ಇಸಿದುಕೊಂಡ ಇಟ್ಟಿಗೆ ಭಟ್ಟಿಯ ಆಳಿಗೆ ಈ ನಿಯಮ ವಿವರಿಸಿದರೆ ಚೆನ್ನಾಗಿ ಅರ್ಥವಾದೀತು.

ಗಲ್ಫಿಗೆ ಹೋದ ಪೈಲಟ್ ಬದುಕಿನ ಹೊಳಪು ನಮಗೆ ಕಾಣುತ್ತದೆ: ತೆರಿಗೆಯಿಲ್ಲದ ಸಂಬಳ, ಕಂಪನಿ ಮನೆ, ಮಕ್ಕಳ ಶಾಲೆಯ ಫೀಜು. ಅದೇ ಅದರ ಇಕ್ಕಳವೂ ಹೌದು. ಕೆಲಸ ಹೋದ ದಿನ ಮನೆ, ಶಾಲೆ, ವೀಸಾ ಎಲ್ಲವೂ ಒಟ್ಟಿಗೆ ಹೋಗುತ್ತವೆ. ಬೇರೆ ಕಂಪನಿಗೆ ಹೋದರೆ ಹಳೆಯ ಹಿರಿತನ ಲೆಕ್ಕಕ್ಕಿಲ್ಲ, ಪಟ್ಟಿಯ ತಳದಿಂದ ಶುರು. ಬೋಯಿಂಗ್ ಬಲ್ಲವನು ಏರ್‌ಬಸ್ ಓಡಿಸಲು ಮತ್ತೆ ತರಬೇತಿಗೆ ಕೂರಬೇಕು. ವರ್ಷಕ್ಕೊಮ್ಮೆ ದೇಹ ಪರೀಕ್ಷೆ, 60 ದಾಟಿದರೆ ಆರು ತಿಂಗಳಿಗೊಮ್ಮೆ. ರಕ್ತದೊತ್ತಡ ಏರಿದರೆ ವೈದ್ಯರಿಗೆ ಹೇಳಲೂ ಭಯ. 2020ರ ಕೋವಿಡ್‌ನಲ್ಲಿ ಗಲ್ಫಿನ ಕಂಪನಿಗಳು ಪೈಲಟ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ಮನೆಗೆ ಕಳಿಸಿದಾಗ ಈ ಇಕ್ಕಳ ಎಷ್ಟು ಬಿಗಿಯೆಂದು ಗೊತ್ತಾಯಿತು.

ಮಂಗಳೂರಿನ ದುರಂತ ಕ್ಯಾಪ್ಟನ್ ಪರದೇಶದವರೆಂಬ ಕಾರಣಕ್ಕೆ ಆಯಿತೆಂದು ನನಗೆ ಅನಿಸುವುದಿಲ್ಲ. ರಾತ್ರಿ ಎರಡರಿಂದ ಬೆಳಗಿನ ಆರರವರೆಗೆ ಮನುಷ್ಯನ ದೇಹ ಅತ್ಯಂತ ಮಂದವಾಗಿರುತ್ತದೆ. ಬೆಂಗಳೂರಿನವನಾದರೂ ಬೆಲ್‌ಗ್ರೇಡಿನವನಾದರೂ ಅದು ಬದಲಾಗದು. 2016ರ ಮಾರ್ಚ್ 19ರಂದು ದುಬೈಯಿಂದ ರಷ್ಯಾದ ರೊಸ್ತೊವ್‌ಗೆ ಹೋದ ಫ್ಲೈದುಬೈ ವಿಮಾನ ಗಾಳಿಮಳೆಯಲ್ಲಿ ಎರಡು ತಾಸು ಸುತ್ತು ಹಾಕಿ ಕಾದು, ನಸುಕಿನ ನಾಲ್ಕು ಗಂಟೆಯ ಹೊತ್ತಿಗೆ ಬಿದ್ದು 62 ಜನ ಸತ್ತರು. ಕ್ಯಾಪ್ಟನ್ ಸೈಪ್ರಸ್‌ನವರು, ಸಹಪೈಲಟ್ ಸ್ಪೇನ್‌ನವರು. ಕ್ಯಾಪ್ಟನ್ ಊರಿಗೆ ಮರಳಲೆಂದು ರಾಜೀನಾಮೆ ಕೊಟ್ಟಾಗಿತ್ತು ಎಂದು ಆಗ ವರದಿಯಾಗಿತ್ತು. ಭಾರತದಲ್ಲಿ ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸುವ, ‘ರಾತ್ರಿ’ ಎಂಬುದನ್ನು ಬೆಳಗಿನ ಐದರ ಬದಲು ಆರರವರೆಗೆ ಎಣಿಸುವ ನಿಯಮ ಪ್ರಕಟವಾದದ್ದು 2024ರ ಜನವರಿಯಲ್ಲಿ. ಮಂಗಳೂರಿನ ಬೆಂಕಿ ಆರಿ ಹದಿಮೂರು ವರ್ಷ ಕಳೆದ ಮೇಲೆ.

ಇದನ್ನೆಲ್ಲ ನನಗೆ ತಿಳಿದಂತೆ ಅಜ್ಜನಿಗೆ ಹೇಳಿದೆ. ಆಕಾಶದ ದೀಪ ಯಾವಾಗಲೋ ಮರೆಯಾಗಿತ್ತು. ಅಜ್ಜ ತಂಬಾಕು ತಿಕ್ಕುತ್ತ ಬಹಳ ಹೊತ್ತು ಸುಮ್ಮನಿದ್ದರು.

“ಬಾಜೂಕಿನಂವ ಮೂರು ಸಲ ಹೇಳಿದಾ ಅಂದಿ. ಮತ್ತ ಅಂವಾ ಯಾಕ ಕೈ ಹಾಕಲಿಲ್ಲ?”

“ಕ್ಯಾಪ್ಟನ್ ದೊಡ್ಡಾವ ಅಲ್ಲೇನಜ್ಜಾ. ವಯಸ್ಸಿಗೂ ದೊಡ್ಡಾವ, ಹುದ್ದೆಕ್ಕೂ ದೊಡ್ಡಾವ.”

“ಅದಕ್ಕ ನೋಡು,” ಎಂದರು ಅಜ್ಜ, “ನಮ್ಮ ಬಸ್ಸಿನ್ಯಾಗ ಕಂಡಕ್ಟರ್ ಕೈಯಾಗ ಸೀಟಿ ಕೊಟ್ಟಿರ್ತಾರ. ನಿನ್ನೆ ನೌಕರಿಗೆ ಸೇರಿದ ಹುಡುಗ ಊದಿದರೂ ಡ್ರೈವರ ಬ್ರೇಕ್ ಹಾಕಬೇಕು.”