ಪ್ರಯೋಗ ಮಾಡಿಸುವ ಗುರುಗಳಿಗೆ ಬೇಕಾದ ಆಸರೆ

ತಾಟಿನಲ್ಲಿ ಸ್ವಲ್ಪ ನೀರೆರೆದು, ನಡುವೆ ಉರಿಯುವ ಮೇಣದಬತ್ತಿಯನ್ನು ನಿಲ್ಲಿಸಿ, ಅದರ ಮೇಲೆ ಗಾಜಿನ ಲೋಟವನ್ನು ಬೋರಲಿಟ್ಟರೆ ಜ್ವಾಲೆಯು ಆರಿ ನೀರು ಲೋಟದೊಳಗೆ ಏರುವುದು. ಗಾಳಿಯ ಐದನೆಯ ಒಂದು ಪಾಲಾದ ಆಮ್ಲಜನಕವು ಉರಿದುಹೋದುದೇ ಇದಕ್ಕೆ ಕಾರಣವೆಂದು ನಾನು ಬಹುಕಾಲ ಕರಿಹಲಗೆಯ ಮೇಲೆ ಚಿತ್ರ ಬರೆದು ಕಲಿಸಿದೆನು. ಒಂದು ದಿನ ಮಕ್ಕಳಿಂದಲೇ ಪ್ರಯೋಗ ಮಾಡಿಸಿದಾಗ ಒಬ್ಬ ಹುಡುಗನು ಮೂರು ಬತ್ತಿಗಳನ್ನು ಹಚ್ಚಿದನು. ನೀರು ಮೊದಲಿಗಿಂತ ಮೇಲೇರಿತು. "ಗುರುಗಳೇ, ಲೋಟ ಅದೇ, ಗಾಳಿ ಅಷ್ಟೇ, ನೀರು ಹೆಚ್ಚು ಏರಿದ್ದು ಹ್ಯಾಂಗ್ರೀ?" ಎಂದು ಕೇಳಿದನು. ಉತ್ತರ ತಿಳಿಯದೆ ನಾನು ಅವನನ್ನು ಗದರಿಸಿ ಕೂಡಿಸಿದೆನು. ಆ ತಪ್ಪು ಇಂದಿಗೂ ಮನಸ್ಸನ್ನು ಚುಚ್ಚುತ್ತಿದೆ.

ನೆರೆಯ ಶಾಲೆಯ ಶಿಕ್ಷಕಮಿತ್ರರೊಡನೆ ಕುಳಿತು ವಿಚಾರಿಸಿದಾಗ ನಿಜವು ಹೊಳೆಯಿತು. ಜ್ವಾಲೆಯ ಶಾಖಕ್ಕೆ ಹಿಗ್ಗಿದ ಗಾಳಿಯಲ್ಲಿ ಒಂದಿಷ್ಟು ಲೋಟದ ಹೊರಗೆ ಹೋಗುವುದು. ದೀಪ ಆರಿದ ಮೇಲೆ ಉಳಿದ ಗಾಳಿಯು ತಣಿದು ಕುಗ್ಗುವುದು. ಆಗ ಹೊರಗಿನ ವಾಯುವಿನ ಒತ್ತಡವು ನೀರನ್ನು ಒಳಕ್ಕೆ ತಳ್ಳುವುದು. ಬತ್ತಿಗಳು ಹೆಚ್ಚಿದಷ್ಟು ಶಾಖವೂ ಹೆಚ್ಚು. ಮೇಲಾಗಿ, ಆಮ್ಲಜನಕವೆಲ್ಲ ತೀರುವ ಮೊದಲೇ ಜ್ವಾಲೆಯು ಆರುವುದು.

ಇಂತಹ ಪ್ರಶ್ನೆಗಳ ಅಂಜಿಕೆಯಿಂದಲೇ ಎಷ್ಟೋ ಶಾಲೆಗಳಲ್ಲಿ ಪ್ರಯೋಗ ಸಾಮಗ್ರಿಯ ಕಪಾಟು ಬೀಗ ಹಾಕಿಕೊಂಡಿರುತ್ತದೆ. ಬೀಗ ತೆರೆಯಲು ಸಾಮಗ್ರಿಯೊಂದೇ ಸಾಲದು. ಶಿಕ್ಷಕನಿಗೆ ಬೆಂಬಲವೂ ಬೇಕು. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಶಾಲೆಗಳಿಂದ ಆರಂಭವಾದ ವಿಜ್ಞಾನ ಶಿಕ್ಷಣದ ಯೋಜನೆಯು ಇದನ್ನು ತೋರಿಸಿಕೊಟ್ಟಿತು. ಅಲ್ಲಿ 6ರಿಂದ 8ನೆಯ ಇಯತ್ತೆಗಳಿಗೆ ಕಲಿಸುವ ಶಿಕ್ಷಕರು ಮೊದಲು ತಾವೇ ಪ್ರಯೋಗಗಳನ್ನು ಮಾಡಿ ಕಲಿತರು. ತಿಂಗಳ ಸಭೆಗಳಲ್ಲಿ ಕೂಡಿ ತಮ್ಮ ತೊಡಕುಗಳನ್ನು ಬಿಚ್ಚಿಟ್ಟರು. ಪರೀಕ್ಷೆಯಲ್ಲಿ ಮಕ್ಕಳು ಪುಸ್ತಕ ತೆರೆದಿಟ್ಟು ಬರೆಯಬಹುದಾಗಿತ್ತು, ಪ್ರಯೋಗಕ್ಕೂ ಅಂಕಗಳಿದ್ದವು. 1978ರಲ್ಲಿ ಯೋಜನೆಯು ಇಡೀ ಜಿಲ್ಲೆಗೆ ಹಬ್ಬಿತು. 2002ರಲ್ಲಿ ಸರಕಾರವು ಅದನ್ನು ನಿಲ್ಲಿಸಿತಾದರೂ ಅದು ಕಲಿಸಿದ ಪಾಠವು ಅಳಿದಿಲ್ಲ.

ಗಡಿನಾಡಿನ ನಾವು, ಅಕ್ಕಪಕ್ಕದ ಕನ್ನಡ ಶಾಲೆಗಳ ಶಿಕ್ಷಕರು, ತಿಂಗಳಿಗೊಮ್ಮೆ ಕೂಡಿ ನಮ್ಮ ನುಡಿಯಲ್ಲಿಯೇ ಹೀಗೆ ವಿಚಾರ ಮಾಡಬಾರದೇಕೆ? ಪಾಲಕರೇ, ವಿಜ್ಞಾನದ ತಾಸಿನಲ್ಲಿ ವಹಿಯ ಪುಟ ತುಂಬಲಿಲ್ಲವೆಂದು ದಯವಿಟ್ಟು ಬೇಸರಪಡಬೇಡಿರಿ. ಖಾಲಿ ಬಾಟಲಿ, ಲಿಂಬೆಹಣ್ಣು, ಬೀಜಗಳನ್ನು ಮಕ್ಕಳ ಕೈಗೆ ಕೊಟ್ಟು ಕಳುಹಿಸಿರಿ. ಬಾಲಕ ಬಾಲಕಿಯರೇ, ಬೆಂಕಿಯ ಪ್ರಯೋಗಗಳನ್ನು ಹಿರಿಯರ ಎದುರಿನಲ್ಲಿಯೇ ಮಾಡಿರಿ. ಆದರೆ ಪ್ರಶ್ನೆ ಕೇಳಲು ಅಂಜಬೇಡಿರಿ. "ನನಗೂ ತಿಳಿಯದು, ಕೂಡಿ ನೋಡೋಣ" ಎನ್ನುವ ಧೈರ್ಯ ನಿಮ್ಮ ಗುರುಗಳಿಗೆ ಬರಲಿ.