ಕಲ್ಲಿನ ಹೊಳಪೋ, ಮಸೂರದ ಹೊಳಪೋ?

ಕೊಡೇಕಲ್ ಎಂದೊಡನೆ ಹಲವರಿಗೆ ನೆನಪಾಗುವುದು ಕೊಡೇಕಲ್ ಬಸವಣ್ಣನ ಕಾಲಜ್ಞಾನ. ಯಾದಗಿರಿ ಜಿಲ್ಲೆಯ ಈ ಊರು ಪುರಾತತ್ತ್ವಜ್ಞರಿಗೆ ಇನ್ನೊಂದು ಕಾರಣಕ್ಕೆ ಪರಿಚಿತ. ಇಲ್ಲಿನ ನವಶಿಲಾಯುಗದ ಬೂದಿದಿಬ್ಬವನ್ನು ಕೆ. ಪದ್ದಯ್ಯನವರು ಉತ್ಖನನ ಮಾಡಿದರು. ಸುರಪುರ ದೋಆಬಿನ ನವಶಿಲಾಯುಗದ ಬಗ್ಗೆ ಅವರು ಬರೆದ ಗ್ರಂಥ 1973ರಲ್ಲಿ ಪ್ರಕಟವಾಯಿತು. ಆ ಕಾಲದ ಜನ ಬಳಸುತ್ತಿದ್ದ ಸಣ್ಣ ಅಲಗುಗಳು ಚರ್ಟ್ ಎಂಬ ನುಣುಪು ಕಲ್ಲಿನವು.

ಅಲಗಿನಿಂದ ಹುಲ್ಲು ಕೊಯ್ದರೋ, ಚರ್ಮ ಹೆರೆದರೋ ಎಂದು ತಿಳಿಯುವುದು ಹೇಗೆ? ಬಳಸಿದ ಅಂಚಿನಲ್ಲಿ ಸವೆತದ ಗೀರುಗಳೂ ನಯವಾದ ಹೊಳಪೂ ಉಳಿದಿರುತ್ತವೆ. ರಷ್ಯದ ಸೆಮ್ಯೊನೊವ್ ಇಂಥ ಗುರುತುಗಳ ಅಧ್ಯಯನಕ್ಕೆ ತಳಹದಿ ಹಾಕಿದರು. ಲಾರೆನ್ಸ್ ಕೀಲಿ ತಮ್ಮ 1980ರ ಗ್ರಂಥದಲ್ಲಿ ಹೆಚ್ಚಿನ ವರ್ಧನೆಯ ಪ್ರತಿಫಲಿತ ಬೆಳಕಿನ ಸೂಕ್ಷ್ಮದರ್ಶಕವನ್ನು ಇದಕ್ಕೆ ಬಳಸುವ ಕ್ರಮವನ್ನು ವಿವರಿಸಿದರು. ಇಲ್ಲಿ ತೊಡಕು ಒಂದಿದೆ. ನೋಡಬೇಕಾದದ್ದೂ ಹೊಳಪು, ನೋಟವನ್ನು ಕೆಡಿಸುವುದೂ ಹೊಳಪು. ಒಂದನ್ನು ಇನ್ನೊಂದೆಂದು ತಿಳಿದರೆ ತೀರ್ಮಾನವೇ ತಪ್ಪಾಗುತ್ತದೆ.

ತೊಂದರೆಯ ಮೂಲ

ಈ ಸೂಕ್ಷ್ಮದರ್ಶಕದಲ್ಲಿ ದೀಪದ ಬೆಳಕು ಅರೆಪಾರದರ್ಶಕ ಕನ್ನಡಿಗೆ ಬಡಿದು, ವಸ್ತು ಮಸೂರದ ಮೂಲಕವೇ ಕೆಳಗಿಳಿಯುತ್ತದೆ. ವಸ್ತುವಿನಿಂದ ಮರಳಿದ ಬೆಳಕು ಅದೇ ಮಸೂರ, ಅದೇ ಕನ್ನಡಿಯ ಮೂಲಕ ಕಣ್ಣಿಗೆ ಬರುತ್ತದೆ. ದಾರಿಯಲ್ಲಿರುವ ಪ್ರತಿ ಗಾಜಿನ ಮೇಲ್ಮೈಯೂ ಸ್ವಲ್ಪ ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ.

ಲೆಕ್ಕ ಹಾಕಿ ನೋಡಿ. ದೀಪದ ಬೆಳಕು 100 ಪಾಲು ಇರಲಿ. ಕನ್ನಡಿ ಅದರಲ್ಲಿ 50 ಪಾಲನ್ನು ಕೆಳಗೆ ಕಳುಹಿಸುತ್ತದೆ. ಚರ್ಟ್‌ನ ವಕ್ರೀಭವನ ಸೂಚ್ಯಂಕ ಸುಮಾರು 1.54, ಆದ್ದರಿಂದ ಅದರ ನಯವಾದ ಮೇಲ್ಮೈ ಶೇಕಡಾ 4.5ರಷ್ಟನ್ನು, ಅಂದರೆ 2.25 ಪಾಲನ್ನು ಮಾತ್ರ ಪ್ರತಿಫಲಿಸುತ್ತದೆ. ಕನ್ನಡಿ ಮತ್ತೆ ಅರ್ಧವನ್ನು ಬಿಟ್ಟುಕೊಟ್ಟರೆ ಕಣ್ಣಿಗೆ ತಲುಪುವುದು ಸುಮಾರು 1.1 ಪಾಲು. ಲೇಪನವಿಲ್ಲದ ಗಾಜಿನ ಒಂದು ಮೇಲ್ಮೈ ಶೇಕಡಾ 4ರಷ್ಟನ್ನು ಹಿಂದಿರುಗಿಸುತ್ತದೆ. ಅದರಿಂದ 1 ಪಾಲು ಮೇಲೆ ಬರಬಹುದು! ಮಸೂರದ ಮೇಲ್ಮೈ ಬಾಗಿರುವುದರಿಂದ ಅದೆಲ್ಲವೂ ಕಣ್ಣನ್ನು ಸೇರುವುದಿಲ್ಲ ನಿಜ. ಆದರೆ ಒಂದು ವಸ್ತು ಮಸೂರದೊಳಗೆ ಇಂಥ ಮೇಲ್ಮೈಗಳು ಅನೇಕ.

ಕೃಷ್ಣೆಯ ಆಚೆ ದಡದ ರಾಯಚೂರು ಜಿಲ್ಲೆಯಲ್ಲಿ ಹಟ್ಟಿ ಚಿನ್ನದ ಗಣಿ ಇದೆ. ಅದಿರನ್ನು ಪರೀಕ್ಷಿಸುವುದೂ ಇದೇ ಬಗೆಯ ಸೂಕ್ಷ್ಮದರ್ಶಕದಲ್ಲಿ. ಅದಿರಿನಲ್ಲಿರುವ ಪೈರೈಟ್ ಶೇಕಡಾ 50ಕ್ಕೂ ಹೆಚ್ಚು ಬೆಳಕನ್ನು ಪ್ರತಿಫಲಿಸುವುದರಿಂದ ಮಸೂರದ ಮಬ್ಬು ಅಲ್ಲಿ ಅಷ್ಟಾಗಿ ಕಾಣದು. ಅದೇ ಉಪಕರಣದ ಕೆಳಗೆ ಚರ್ಟ್ ಇಟ್ಟರೆ ಚಿತ್ರ ಹಾಲು ಬೆರೆತಂತೆ ಕಾಣಬಹುದು.

ದೋಷ ಪತ್ತೆಗೆ ಮೂರು ಪರೀಕ್ಷೆಗಳು

1. ವಸ್ತುವನ್ನು ತೆಗೆಯಿರಿ. ಅದರ ಸ್ಥಳದಲ್ಲಿ, ಮಸೂರಕ್ಕೆ ಸಾಕಷ್ಟು ಕೆಳಗೆ ಕಪ್ಪು ಮಖಮಲ್ ಬಟ್ಟೆ ಇಡಿ. ಆಗಲೂ ನೋಟದ ಕ್ಷೇತ್ರ ಬೆಳ್ಳಗಿದ್ದರೆ ದೋಷ ಉಪಕರಣದ್ದು. ಕಪ್ಪಾದರೆ ವಸ್ತುವಿನ ಕಡೆ ಗಮನ ಹರಿಸಿ.

2. ವಸ್ತು ಮಸೂರವನ್ನು ಬದಲಿಸಿ ನೋಡಿ. ಒಂದು ಮಸೂರದಲ್ಲಿ ಮಾತ್ರ ಮಬ್ಬು ಹೆಚ್ಚಿದ್ದರೆ ಅದರ ಲೇಪನ, ಧೂಳು ಅಥವಾ ಬೆರಳಿನ ಜಿಡ್ಡು ಕಾರಣವಿರಬಹುದು. ಎಲ್ಲದರಲ್ಲೂ ಒಂದೇ ಸಮ ಇದ್ದರೆ ಕನ್ನಡಿಯನ್ನೂ ಡಯಾಫ್ರಮ್‌ಗಳನ್ನೂ ಪರೀಕ್ಷಿಸಿ.

3. ವಸ್ತುವನ್ನು ನಿಧಾನವಾಗಿ ಸರಿಸಿ. ಸವೆತದ ಹೊಳಪು ವಸ್ತುವಿನ ಜೊತೆ ಸರಿಯುತ್ತದೆ. ಮಸೂರದ ಹೊಳಪು ಇದ್ದಲ್ಲಿಯೇ ಇರುತ್ತದೆ.

ಪರಿಹಾರಗಳು

ಕ್ಷೇತ್ರ ಡಯಾಫ್ರಮ್ಮನ್ನು ಅದರ ಅಂಚು ನೋಟದಿಂದ ಆಗತಾನೆ ಮರೆಯಾಗುವಷ್ಟು ಮಾತ್ರ ತೆರೆಯಿರಿ. ಅದಕ್ಕಿಂತ ಹೆಚ್ಚು ತೆರೆದರೆ ನೋಟಕ್ಕೆ ಬೇಡದ ಬೆಳಕು ಒಳಗೆ ಚದುರುತ್ತದೆ. ಮುಂದೆ ನೇತ್ರಕವನ್ನು ಹೊರತೆಗೆದು ಕೊಳವೆಯೊಳಗೆ ನೋಡಿ. ಅಲ್ಲಿ ಕಾಣುವ ಬೆಳಕಿನ ಬಿಲ್ಲೆಯ ವ್ಯಾಸದ ಮೂರನೇ ಎರಡರಿಂದ ನಾಲ್ಕನೇ ಮೂರು ಭಾಗ ತುಂಬುವಂತೆ ದ್ಯುತಿರಂಧ್ರದ ಡಯಾಫ್ರಮ್ಮನ್ನು ಹೊಂದಿಸಿ. ಇನ್ನೂ ಕಿರಿದು ಮಾಡಿದರೆ ಸೂಕ್ಷ್ಮ ವಿವರಗಳು ಕಳೆದುಹೋಗುತ್ತವೆ.

ವಸ್ತು ಮಸೂರದ ಮೇಲಿನ ಬರಹವನ್ನು ಓದಿ. 0.17 ಎಂದಿದ್ದರೆ ಅದು ಕವರ್ ಸ್ಲಿಪ್ ಇರುವ ಸ್ಲೈಡಿಗಾಗಿ ಮಾಡಿದ್ದು. ಬರಿ ಕಲ್ಲನ್ನು ಅದರಲ್ಲಿ, ಮುಖ್ಯವಾಗಿ 40 ಪಟ್ಟು ಮತ್ತು ಅದಕ್ಕೂ ಹೆಚ್ಚಿನ ವರ್ಧನೆಯಲ್ಲಿ ನೋಡಿದರೆ ಚಿತ್ರದ ಸುತ್ತ ಮಂಜು ಕವಿಯುತ್ತದೆ. ಪ್ರತಿಫಲಿತ ಬೆಳಕಿನ ಮಸೂರದಲ್ಲಿ ಆ ಜಾಗದಲ್ಲಿ 0 ಎಂದಿರುತ್ತದೆ.

ವಸ್ತುವನ್ನು ಮಾರ್ಜಕದ ನೀರಿನಿಂದ ತೊಳೆದು, ಆಲ್ಕೊಹಾಲ್ ತಾಗಿಸಿದ ಹತ್ತಿಯಿಂದ ಒರೆಸಿ. ಬೆರಳಿನ ಜಿಡ್ಡು ಸವೆತದ ಹೊಳಪನ್ನೇ ಹೋಲುತ್ತದೆ. ನೋಡಬೇಕಾದ ಮುಖ ಸಮತಲವಾಗಿರುವಂತೆ ಪ್ಲಾಸ್ಟಿಸಿನ್ ಮೇಲೆ ಕೂರಿಸಿ.

ಪೋಲರಾಯ್ಡ್ ಬಳಸುವಾಗ ಎಚ್ಚರ

ದೀಪದ ದಾರಿಯಲ್ಲಿ ಒಂದು, ಕಣ್ಣಿನ ದಾರಿಯಲ್ಲಿ ಅದಕ್ಕೆ ಅಡ್ಡಲಾಗಿ ಇನ್ನೊಂದು ಪೋಲರಾಯ್ಡ್ ಇಟ್ಟರೆ ಮಸೂರದ ಹೊಳಪು ಬಹುಮಟ್ಟಿಗೆ ಮಾಯವಾಗುತ್ತದೆ. ಪ್ರತಿಫಲನದಲ್ಲಿ ಧ್ರುವೀಕರಣದ ದಿಕ್ಕು ಬದಲಾಗದಿರುವುದೇ ಇದಕ್ಕೆ ಕಾರಣ. ಆದರೆ ಕಲ್ಲಿನ ನಯವಾದ ಹೊಳಪೂ ಅದೇ ಕಾರಣಕ್ಕೆ ಮಾಯವಾಗುತ್ತದೆ! ಉಳಿಯುವುದು ಅರೆಪಾರದರ್ಶಕವಾದ ಚರ್ಟ್‌ನ ಒಳಗೆ ಹೊಕ್ಕು, ಚದುರಿ ಬಂದ ಬೆಳಕು. ಕಲ್ಲಿನ ಬಣ್ಣ ನೋಡಲು ಇದು ಒಳ್ಳೆಯದು; ಸವೆತ ನೋಡಲು ಅಲ್ಲ.

ಇದಕ್ಕೂ ಉಪಾಯವಿದೆ. ವಸ್ತು ಮಸೂರದ ಮುಂದೆ, ವಸ್ತುವಿನ ಕಡೆಗೆ, ಕಾಲುತರಂಗ ಫಲಕವನ್ನು 45 ಡಿಗ್ರಿ ಕೋನದಲ್ಲಿ ಅಳವಡಿಸುತ್ತಾರೆ. ಬೆಳಕು ಅದರ ಮೂಲಕ ಹೋಗಿ, ಕಲ್ಲಿಗೆ ಬಡಿದು, ಮತ್ತೆ ಅದರ ಮೂಲಕ ಮರಳುವಾಗ ಧ್ರುವೀಕರಣದ ದಿಕ್ಕು 90 ಡಿಗ್ರಿ ತಿರುಗಿರುತ್ತದೆ. ಹೀಗಾಗಿ ಕಲ್ಲಿನ ಹೊಳಪು ಎರಡನೆಯ ಪೋಲರಾಯ್ಡನ್ನು ದಾಟುತ್ತದೆ. ಫಲಕದವರೆಗೆ ಬಾರದೆ ಮಸೂರದಿಂದಲೇ ಮರಳಿದ ಬೆಳಕು ತಡೆಯಲ್ಪಡುತ್ತದೆ. ಇಂಥ ಮಸೂರಗಳಿಗೆ ಆಂಟಿಫ್ಲೆಕ್ಸ್ ಎಂಬ ಹೆಸರಿದೆ.

ತರಗತಿಯಲ್ಲಿ ಮಾಡಿ ನೋಡಿ

ಪ್ರಾಚೀನ ನೆಲೆಗಳಿಂದ ಕಲ್ಲುಗಳನ್ನು ಎತ್ತಿಕೊಳ್ಳಬೇಡಿ; ಎತ್ತಿದ ಕಲ್ಲು ತನ್ನ ಸ್ಥಳದ ಸಾಕ್ಷ್ಯವನ್ನು ಕಳೆದುಕೊಳ್ಳುತ್ತದೆ. ಜಲ್ಲಿ ರಾಶಿಯಲ್ಲಿ ಸಿಗುವ ನುಣುಪಾದ ಕಲ್ಲಿನ ಚೂರು ಸಾಕು. ಕನ್ನಡಕ ಹಾಕಿ, ಶಿಕ್ಷಕರ ಎದುರಿನಲ್ಲಿಯೇ ಕಲ್ಲು ಒಡೆಯಿರಿ. ಎರಡು ಚೂರುಗಳನ್ನು ಆರಿಸಿ, ಒಂದರಿಂದ ಒಣ ಹುಲ್ಲನ್ನು ಬಹಳ ಹೊತ್ತು ಕೊಯ್ಯಿರಿ. ಇನ್ನೊಂದನ್ನು ಹಾಗೆಯೇ ಇಡಿ. ಎರಡನ್ನೂ ಒಂದೇ ರೀತಿ ತೊಳೆದು, ಯಾವುದು ಯಾವುದೆಂದು ಹೇಳದೆ ಗೆಳೆಯರಿಗೆ ಕೊಡಿ. ಮೇಲಿನ ಮೂರು ಪರೀಕ್ಷೆಗಳ ಮುಂಚೆ ಎಷ್ಟು ಜನ ಸರಿಯಾಗಿ ಗುರುತಿಸಿದರು, ಆಮೇಲೆ ಎಷ್ಟು ಜನ ಎಂದು ಬರೆದಿಡಿ. ಬಳಸಿದ ಮಸೂರ, ಡಯಾಫ್ರಮ್ ಮತ್ತು ಪೋಲರಾಯ್ಡ್‌ಗಳ ಸ್ಥಿತಿಯನ್ನೂ ದಾಖಲಿಸಿ.